ಪಡಸಾಲೆಯ ಫೋನು

ಸಂಜೆ ಐದರೊಳಗೆ ಇಂಟರ್ನೆಟ್‌ನಲ್ಲಿ ಒಪ್ಪಿಗೆ ಹಾಕದಿದ್ದರೆ ಸುಜಾತಾಳ ಬಿ.ಇಡಿ ಸೀಟು ಬೇರೆಯವರ ಪಾಲು. ಹಾಗಂತ ಸೀಟಿನ ಕಾಗದದಲ್ಲೇ ಬರೆದಿತ್ತು. ಮಾನ್ವಿಯ ಸೈಬರ್ ಅಂಗಡಿಯಲ್ಲಿ ನೆಟ್ಟು ಕೆಟ್ಟು ಮೂರು ದಿನವಾಗಿತ್ತು. ಬೆಳಗಿನ ಬಸ್ಸಿಗೆ ರಾಯಚೂರಿಗೆ ಹೋಗಿ ಕೆಲಸ ಮುಗಿಸಿಕೊಂಡು ಬರಬೇಕಿತ್ತು ಅವಳು. ಆದರೆ ಅಣ್ಣ ಆನಂದ ಬಿಟ್ಟರೆ ತಾನೇ? ದೇವದುರ್ಗದ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿದ್ದವನು, ಯಾರೋ ಮಾರಿ ಹೋದ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಎಂಬ ಪುಕ್ಕಟೆ ಸಾಫ್ಟ್‌ವೇರ್ ಹಾಕಿಕೊಂಡು, ಜೊತೆಗೆ ಫೋನ್ ಲೈನಿನಿಂದ ನೆಟ್ಟು ಹಿಡಿಯುವ ಒಂದು ಮೋಡೆಮ್ಮಿನ ಡಬ್ಬಿಯನ್ನೂ ಹೊತ್ತುಕೊಂಡು ತಮ್ಮೂರು ಕುರ್ಡಿಗೆ ಬಂದಿದ್ದ.

“ಮನ್ಯಾಗ ಫೋನ್ ಅದ, ರಾಯಚೂರಿಗ್ಯಾಕ ಓಡ್ತೀ? ಕುಂತಲ್ಲೇ ಮಾಡಿಕೊಡ್ತೀನಿ” ಅಂದ. ನಂಬಿದಳು, ಪಾಪ.

ಲಿನಕ್ಸ್ ಮೊದಲು ಮೋಡೆಮ್ಮನ್ನು ಗುರುತೇ ಹಿಡಿಯಲಿಲ್ಲ. ಕೇಬಲ್ಲು ಬಿಚ್ಚಿ ಹಾಕಿ, ಬಿಚ್ಚಿ ಹಾಕಿ ಹನ್ನೊಂದಕ್ಕೆ ಗುರುತು ಹಿಡಿಸಿದ. ಆಮೇಲೆ ಡಯಲ್ ಟೋನ್ ಇಲ್ಲ ಎಂದು ಅದರ ತಕರಾರು. ಟೋನಿಗೆ ಕಾಯದೆ ನೇರ ನಂಬರು ಒತ್ತು ಎಂದು ಅದಕ್ಕೊಂದು ಸಾಲು ಬರೆದ. ಮಧ್ಯಾಹ್ನ ಒಂದಕ್ಕೆ ಡಬ್ಬಿ ಚೀರಿ, ಗರಗರ ಎಂದು, ಸುಮ್ಮನಾಯಿತು. ಹತ್ತಿತು ಅನ್ನುವಷ್ಟರಲ್ಲಿ ಕಡಿಯಿತು. ಮತ್ತೆ ಹಚ್ಚಿದ. ಪುಟ ಅರ್ಧ ತೆರೆಯಿತು, ಮತ್ತೆ ಕಡಿಯಿತು.

ಮೂರಾಯಿತು. ಇನ್ನು ಬಸ್ಸು ಹತ್ತಿದರೂ ರಾಯಚೂರು ಸೇರುವಷ್ಟರಲ್ಲಿ ಐದು ದಾಟುತ್ತದೆ. ಸುಜಾತಾ ಅಣ್ಣನ ಬೆನ್ನ ಹಿಂದೆ ಬಂದು ನಿಂತಳು.

“ಅಣ್ಣಾ, ಆಗ್ತದೋ ಇಲ್ಲೋ ಹೇಳಿಬಿಡು.”

“ತಡಿ, ಸ್ಪೀಡ್ ಕಡಿಮಿ ಮಾಡಿ ನೋಡ್ತೀನಿ” ಅಂದ, ತಲೆ ಎತ್ತದೆ. ಇಡೀ ದಿನ ಅವನು ಲಿನಕ್ಸನ್ನು ಬೈದ, ಡಬ್ಬಿಯನ್ನು ಬೈದ, ಎಕ್ಸ್‌ಚೇಂಜನ್ನು ಬೈದ. ಪಡಸಾಲೆಯ ಕಡೆ ಮಾತ್ರ ನೋಡಲಿಲ್ಲ.

ಓಣಿಗೆಲ್ಲ ಇದ್ದದ್ದು ಆ ಪಡಸಾಲೆಯ ಫೋನೊಂದೇ. ಊರಿಗೆ ಮೊಬೈಲ್ ಸಿಗ್ನಲ್ ಇನ್ನೂ ನೆಟ್ಟಗೆ ಬಂದಿರಲಿಲ್ಲ. ಎಲ್ಲರೂ ತಮ್ಮ ಬೀಗರಿಗೆ, ಬಳಗಕ್ಕೆ ಅದೇ ನಂಬರು ಕೊಟ್ಟಿದ್ದರು. ಯಾರು ಬೇಕಾದರೂ ಬಂದು ಎತ್ತಬಹುದಿತ್ತು. ಅವತ್ತು ಅದರ ಬುಡದಲ್ಲಿ ಪಕ್ಕದ ಮನೆಯ ಗದ್ದೆಮ್ಮ ಬೆಳಿಗ್ಗೆಯಿಂದ ಕೂತಿದ್ದಳು. ಮಗಳು ರಾಧಾ ಹೆರಿಗೆಗೆಂದು ರಾಯಚೂರಿನ ಆಸ್ಪತ್ರೆ ಸೇರಿದ್ದಳು. ಆಪರೇಷನ್ ಅಂದರೆ ಕೂಡಲೇ ಫೋನ್ ಮಾಡುತ್ತೇನೆ, ಇದ್ದ ಬಸ್ಸಿಗೆ ಬಂದುಬಿಡು ಎಂದು ಅಳಿಯ ಹಾಲೇಶ ಹೇಳಿದ್ದ.

ನಾಲ್ಕೂಕಾಲಿಗೆ ಸುಜಾತಾ ಅಳು ತಡೆದುಕೊಂಡು ಪಡಸಾಲೆಗೆ ಬಂದಳು. ಗದ್ದೆಮ್ಮ ರಿಸೀವರ್ ಎತ್ತಿ ಕಿವಿಗೆ ಹಿಡಿದಿದ್ದಳು. ಅದೇ ಗಳಿಗೆಗೆ ಒಳಗಿನಿಂದ ಆನಂದ “ಮತ್ತ ಹೋತು” ಎಂದು ನರಳಿದ.

“ಏನ್ ಮಾಡಾಕತ್ತೀ ಚಿಗವ್ವಾ?”

“ಜೀವ ಅದನೋ ಇಲ್ಲೋ ಅಂತ ನೋಡಾಕತ್ತೀನಿ ಯವ್ವಾ. ಎತ್ತಿದಾಗೊಮ್ಮೆ ಒಳಗ ಯಾರೋ ಚೀರಿದಂಗ ಆಗ್ತದ. ನಂಗ ಅಂಜಿಕಿ ಆಗಿ ಮತ್ತ ಮತ್ತ ಎತ್ತಾಕತ್ತೀನಿ.”

ಸುಜಾತಾಳಿಗೆ ಎಲ್ಲ ತಿಳಿಯಿತು. ಒಂದೇ ಲೈನಿಗೆ ಎರಡು ಕವಲು, ಇವಳು ಇಲ್ಲಿ ಎತ್ತಿದಾಗಲೆಲ್ಲ ಅಲ್ಲಿ ಕಡಿಯುತ್ತಿತ್ತು. ಅರ್ಧ ತಾಸು ಎತ್ತಬೇಡ ಚಿಗವ್ವಾ, ಒಳಗೆ ನೆಟ್ಟು ಹಚ್ಚಿದ್ದೇವೆ ಎಂದು ಹೇಳಬೇಕಿತ್ತು. ಹೇಳಿದರೆ, ಹಾಲೇಶನ ಫೋನು ಬಂದರೆ ಹೇಗೆ ಎಂದು ಕೇಳುತ್ತಾಳೆ. ನೆಟ್ಟು ಹತ್ತಿದ್ದಾಗ ಯಾರ ಫೋನೂ ಒಳಗೆ ಬರುವುದಿಲ್ಲ. ಗದ್ದೆಮ್ಮ ನೀರು ಕುಡಿಯಲು ಹಿತ್ತಲಿಗೆ ಹೋದದ್ದೇ ತಡ, ಸುಜಾತಾ ಫೋನಿನ ಹಿಂದಿನ ವೈರು ಕಿತ್ತು ಚಾಪೆಯ ಕೆಳಗೆ ತುರುಕಿದಳು. ಅರ್ಧ ತಾಸಿನಲ್ಲಿ ಏನು ಮಹಾ ಆಗುತ್ತದೆ ಅಂದುಕೊಂಡಳು. ಅಣ್ಣನಿಗೂ ಹೇಳಲಿಲ್ಲ.

ಈ ಸಲ ಕಡಿಯಲಿಲ್ಲ. ಪುಟ ಆಮೆಯಂತೆ ತೆರೆಯಿತು. ನಾಲ್ಕೂ ನಲವತ್ತಕ್ಕೆ ರಸ್ತೆಯಲ್ಲಿ ರಾಯಚೂರಿನ ಕಡೆಯ ಬಸ್ಸು ಹಾರ್ನ್ ಹೊಡೆದು ಹೋದದ್ದು ಕೇಳಿಸಿತು. ನಾಲ್ಕೂ ಐವತ್ತೆರಡಕ್ಕೆ ಒಪ್ಪಿಗೆ ಸೇರಿತು. ಬಂದ ನಂಬರನ್ನು ಅಂಗೈಯಲ್ಲೇ ಬರೆದುಕೊಂಡಳು.

“ಹೇಳಿರಲಿಲ್ಲೇನ?” ಅಂದ ಆನಂದ, ಮೈಯೆಲ್ಲ ಬೆವರಾಗಿ, ನೆಟ್ಟು ಬಂದ್ ಮಾಡುತ್ತ.

ಸುಜಾತಾ ಪಡಸಾಲೆಗೆ ಓಡಿದಳು. ಗದ್ದೆಮ್ಮ ಸದ್ದೇ ಇಲ್ಲದ ರಿಸೀವರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಸುಜಾತಾ ಅದನ್ನು ಇಸಿದುಕೊಂಡು ಸ್ವಸ್ಥಾನದಲ್ಲಿಟ್ಟು, ಬಗ್ಗಿ ವೈರು ಚುಚ್ಚಿದಳು. ಹಿಂದೆಯೇ ಫೋನು ಬಡಿದುಕೊಂಡಿತು. ಗದ್ದೆಮ್ಮ ಎತ್ತಿದಳು.

ಹಾಲೇಶ ನಾಲ್ಕೂ ಇಪ್ಪತ್ತರಿಂದ ಹಚ್ಚುತ್ತಲೇ ಇದ್ದನಂತೆ. ಒಂದೇ ಸಮ ಎಂಗೇಜು. ರಾಧಾಳನ್ನು ಆಪರೇಷನ್‌ಗೆ ಒಳಗೆ ಕರೆದುಕೊಂಡು ಹೋಗಿಯಾಗಿತ್ತು. ಅವ್ವ ಬಂದಳಾ, ಅವ್ವ ಬಂದಳಾ ಎಂದು ಬಾಗಿಲವರೆಗೂ ಕೇಳಿದಳಂತೆ. ರಕ್ತ ಬಹಳ ಹೋಗಿದೆ, ಡಾಕ್ಟರು ಏನೂ ಹೇಳುತ್ತಿಲ್ಲ ಅಂದ.

ಗದ್ದೆಮ್ಮ ರಿಸೀವರ್ ಇಟ್ಟಳು. ರಾಯಚೂರಿನ ಕೊನೆಯ ಬಸ್ಸು ನಾಲ್ಕೂ ನಲವತ್ತಕ್ಕೇ ಹೋಗಿತ್ತು.

“ಎತ್ತಿ ಎತ್ತಿ ನೋಡಬ್ಯಾಡ, ಕೆಡ್ತದ ಅಂತ ನಿಮ್ಮವ್ವ ಎಷ್ಟ ಸಲ ಹೇಳ್ಯಾಳ. ನಾ ಕೇಳಲಿಲ್ಲ” ಅಂದಳು. “ನನ್ನ ಮಗಳ ಫೋನ್ ನಾನೇ ಕೆಡಿಸಿದೆ ಯವ್ವಾ. ನಾನೇ ಕೆಡಿಸಿದೆ.”

ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಯಾರೂ ನೋಡಿರಲಿಲ್ಲ.

“ನೀ ಕೆಡಿಸಿಲ್ಲ ಚಿಗವ್ವಾ. ವೈರ್ ನಾ ಕಿತ್ತಿದ್ದೆ.”

ಆನಂದ ಬಾಗಿಲಲ್ಲೇ ನಿಂತುಬಿಟ್ಟ. ಗದ್ದೆಮ್ಮ ಅವಳ ಮುಖ ನೋಡಿದಳು, ಅಂಗೈಯ ನೀಲಿ ಅಂಕಿಗಳನ್ನು ನೋಡಿದಳು.

“ನಿಂದು ಆತಾ?”

“ಆತು.”

ಗದ್ದೆಮ್ಮ ಚಪ್ಪಲಿ ಮೆಟ್ಟಿ ರಸ್ತೆಯ ಕಡೆ ನಡೆದಳು. ಗೆಳೆಯ ವಿನೋದನ ಬೈಕು ತರುತ್ತೇನೆ, ನಿಲ್ಲು ಎಂದು ಆನಂದ ಕೂಗುತ್ತ ಹಿಂದೆಯೇ ಓಡಿದ. ಅವಳು ತಿರುಗಿ ನೋಡಲಿಲ್ಲ.

ಸುಜಾತಾ ಗದ್ದೆಮ್ಮ ಕೂತಿದ್ದ ಜಾಗದಲ್ಲೇ ಕೂತಳು. ಫೋನು ಸುಮ್ಮನಿತ್ತು. ಹತ್ತು ನಿಮಿಷಕ್ಕೆ ತಡೆಯಲಾಗದೆ ರಿಸೀವರ್ ಎತ್ತಿ ಕಿವಿಗೆ ಹಿಡಿದಳು, ಜೀವ ಇದೆಯೋ ಇಲ್ಲವೋ ಎಂದು.