ಬೀರಮ್ಮನ ಪಕ್ಕದ ಜಾಗ

ಗುಂಡಿ ತೋಡಲು ಹೋದವರು ಗುದ್ದಲಿ ಹೊತ್ತುಕೊಂಡು ಹಾಗೇ ವಾಪಸ್ಸು ಬಂದಾಗ ರಾಧಾ ಸಣ್ಣಬೀರಯ್ಯನ ಹೆಣದ ಕಾಲ ಬಳಿ ಹಾರ ಇಡುತ್ತಿದ್ದಳು.

"ಶಶಿ, ನಿಮ್ಮವ್ವನ ಪಕ್ಕದ ಜಾಗ ಈಗ ಲಿಂಗರಾಜಣ್ಣನ ಹೊಲಕ್ಕೆ ಸೇರ್ಕೊಂಡದಲ್ಲ. ಕೇಳ್ದೆ ಎಂಗ್ಲಾ ಅಗೆಯೋದು?" ಅಂದ ಅವರಲ್ಲೊಬ್ಬ ಪುಟ್ಟಸ್ವಾಮಿ.

ಸತ್ತವನ ಮಗ ಶಶಿಯ ಕಣ್ಣು ನೇರ ರಾಧಾಳ ಮೇಲೆ ಬಿತ್ತು. ಅವಳು ಪಿರಿಯಾಪಟ್ಟಣದ ಲೈಸೆನ್ಸ್ ಸರ್ವೇಯರ್. ಹೋದ ವರ್ಷ ಪಕ್ಕದ ಹೊಲದ ಲಿಂಗರಾಜು ಬೇಲಿ ಹಾಕಿಸಲು, ಗಡಿ ಗುರುತಿಸುವ ಹದ್ದುಬಸ್ತಿಗೆ ಅರ್ಜಿ ಕೊಟ್ಟಾಗ ಅಳೆದವಳು ಅವಳೇ. ಸಣ್ಣಬೀರಯ್ಯನ ಹೊಲದ ಮೂರು ಗುಂಟೆ ಲಿಂಗರಾಜುವಿನ ಕಡೆಗೆ ಹೋಗಿತ್ತು. ಶಶಿಯ ತಾಯಿ ಬೀರಮ್ಮನ ಸಮಾಧಿ ಅದರಲ್ಲೇ ಇತ್ತು.

"ಸರ್ವೇಲಿ ಮೂವತ್ತು ವರ್ಷ ಅಳತೆ ಚೈನ್ ಎಳ್ದೋರು ನಮ್ಮಪ್ಪ. ನಿಮ್ಗೆ ಕೆಲ್ಸ ಕಲ್ಸಿದ್ದೂ ಅವ್ರೇ. ಅವ್ರ ಜಮೀನೇ ತಪ್ಪಾಗಿ ಅಳುದ್ರಲ್ಲ ಮೇಡಂ."

ರಾಧಾ ಹಾರ ಸರಿಮಾಡಿ ಎದ್ದು ನಿಂತಳು. ಹೆಣ ಇನ್ನೂ ಅಂಗಳದಲ್ಲಿತ್ತು.

*

ಅಳತೆಯ ದಿನ ಮುದುಕ ಊರುಗೋಲು ಹಿಡಿದು ಅವಳ ಜೊತೆಗೇ ನಡೆದಿದ್ದ. ಹಳೇ ನಕ್ಷೆಗೂ ಬದುವಿನ ಕಲ್ಲಿಗೂ ತಾಳೆಯಾಗದೆ ಅವಳು ಅಳತೆಯ ಮಿಷನ್ನನ್ನು ಮೂರು ಸಲ ಇಟ್ಟು ನೋಡಿದಳು.

"ಮಿಷನ್ ಸರಿಯಾಗೇ ಅದೆ ಕಣವ್ವ. ಆ ಕಲ್ಲು ಕಿತ್ತು ಆಚೀಕೆ ನೆಟ್ಟೋನು ನಾನೇ."

ಅವಳು ಮಿಷನ್ನಿನಿಂದ ಕಣ್ಣು ತೆಗೆದು ಅವನತ್ತ ತಿರುಗಿದಳು.

"ನಾನು ಸರ್ವೇಲಿದ್ದಾಗ ಈ ಹೊಲ ಅಳುದ್ವಲ್ಲ, ಲಿಂಗರಾಜನ ಅಪ್ಪ ಬಂದು ತಕರಾರು ತೆಗ್ದ. ಕಲ್ಲು ಸರಿಯಾಗೇ ಅದೆ ಅಂತ ನಾನು ಕೂಗ್ದೆ. ಸರ್ವೇ ಸಾಹೇಬ್ರು ಮರದ ನೆಳ್ಳಲ್ಲೇ ಕೂತು ಹೂಂ ಅಂದ್ರು. ಅವತ್ತು ನಾನಂದಿದ್ದೇ ಸರ್ಕಾರ. ಈಗ ಅರ್ಜಿ, ನೋಟೀಸು, ಈ ಮಿಷನ್ನು. ಇದು ಯಾರ ಮುಖಾನೂ ನೋಡಲ್ಲ."

"ಅಜ್ಜಿ ಸಮಾಧಿ ಅಲ್ಲೇ ಇದೆಯಲ್ಲ ತಾತ?"

ಮುದುಕ ಆ ಕಡೆ ನೋಡಿದ. ಆಮೇಲೆ ಪೆನ್ನು ಇಸಕೊಂಡು ಅಳತೆಯ ಕಾಗದಕ್ಕೆ ಸಹಿ ಹಾಕಿದ.

"ನಾನಿರೋಗಂಟ ಶಶಿಗೆ ಹೇಳ್ಬ್ಯಾಡ."

*

"ಹೇಳಿ ಮೇಡಂ. ಅಪ್ಪ ತಿಳ್ದೇ ಸೈನ್ ಆಕುದ್ರಾ, ಇಲ್ಲ ನೀವು ಆಕುಸ್ಕೊಂಡ್ರಾ?" ಶಶಿ ಮತ್ತೆ ಕೇಳಿದ.

ಅಷ್ಟರಲ್ಲಿ ಲಿಂಗರಾಜುವೂ ಬಂದಿದ್ದ. ರಾಧಾ ಇಬ್ಬರನ್ನೂ ಹಿತ್ತಿಲಿಗೆ ಕರೆದು, ಮುದುಕ ಹೇಳಿದ್ದನ್ನು ಒಂದೂ ಬಿಡದೆ ಹೇಳಿದಳು. ಶಶಿ ಒರಳುಕಲ್ಲಿನ ಮೇಲೆ ಕುಸಿದು ಕೂತ.



"ನಮ್ಮಪ್ಪ ಸಾಯೋಗಂಟ ಇದ್ನೇ ಹೇಳ್ತಿದ್ದ," ಅಂದ ಲಿಂಗರಾಜು. "ಯಾರೂ ನಂಬ್ಲಿಲ್ಲ. ನಾನೂ ನಂಬ್ಲಿಲ್ಲ."

ಶಶಿ ತಲೆ ಎತ್ತಲಿಲ್ಲ. "ಹೊರಗಡೆ ಜನಕ್ಕೆ ಏನೇಳ್ಲಿ ಲಿಂಗರಾಜಣ್ಣ?"

"ಇವತ್ತು ಏನೂ ಬ್ಯಾಡ ಬುಡು. ಅವ್ವನ ಪಕ್ಕದಲ್ಲೇ ಮಣ್ಣು ಮಾಡು. ಜಮೀನು ನಂದೇ, ಅದ್ರಲ್ಲಿ ಎರಡು ಮಾತಿಲ್ಲ. ಅಷ್ಟಗಲ ಜಾಗ ನಾನು ಉಳಕ್ಕೋಗಲ್ಲ."

ಮಧ್ಯಾಹ್ನ ಮೂರಕ್ಕೆ ಮಣ್ಣಾಯಿತು. ಜನ ಒಬ್ಬೊಬ್ಬರೇ ಹೊರಟರು. ಶಶಿ ಕೈ ತುಂಬ ಕೆಮ್ಮಣ್ಣು ಮೆತ್ತಿಕೊಂಡು ಅಲ್ಲೇ ನಿಂತಿದ್ದ. ಲಿಂಗರಾಜು ಹೋಗಿ ಪಂಪು ಹಾಕಿದ. ಹೊಗೆಸೊಪ್ಪಿನ ಸಾಲುಗಳ ನಡುವಿನಿಂದ ಪೈಪು ಎಳೆದು ತಂದು ಅದರ ಬಾಯನ್ನು ಶಶಿಯತ್ತ ಹಿಡಿದ. ನೀರು ಇಬ್ಬರ ಕಾಲ ನಡುವೆ ಸುಮ್ಮನೆ ಹರಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಶಶಿ ಬಗ್ಗಿ ಎರಡೂ ಕೈ ಒಡ್ಡಿದ.