ಏಳು ದಿನದ ಏಕಾದಶಿ

ನನ್ನ ಮೊಮ್ಮಗ ಹುಟ್ಟಿದ ಹನ್ನೊಂದನೆಯ ದಿನಕ್ಕೇ ಉಪವಾಸ ಹಿಡಿದನು. ನಮ್ಮ ವಂಶದಲ್ಲಿ ಅಷ್ಟು ಬೇಗ ವ್ರತಕ್ಕೆ ಕುಳಿತವರು ಬೇರೆ ಯಾರೂ ಇಲ್ಲ.

2003ನೇ ಇಸವಿ. ಏಳು ತಿಂಗಳಿಗೇ ಹುಟ್ಟಿದ ಮಗು, ತೂಕ ಒಂದೂಕಾಲು ಕಿಲೋ. ಶಿರಸಿಯ ಮಕ್ಕಳ ಆಸ್ಪತ್ರೆಯೊಂದರಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಮಲಗಿಸಿದ್ದರು. ನನ್ನ ಮಗಳು ಪರಿಮಳಾಳಿಗೆ ಹಾಲು ಸರಿಯಾಗಿ ಇಳಿದಿರಲಿಲ್ಲ. ಡಬ್ಬಿ ಹಾಲನ್ನು ನಳಿಗೆಯಲ್ಲಿ ಕೊಡುತ್ತಿದ್ದರು. ಹನ್ನೊಂದನೆಯ ದಿನ ಮಗುವಿನ ಹೊಟ್ಟೆ ಬಿಗಿದ ಮದ್ದಳೆಯಂತಾಯಿತು. ಹಸಿರು ವಾಂತಿ, ಮಲದಲ್ಲಿ ರಕ್ತದ ಎಳೆ.

“ಕರುಳಿಗೆ ಉರಿಯೂತ ಆಗಿದೆ” ಎಂದರು ಡಾಕ್ಟರು. ದಿನ ತುಂಬದ ಮಗುವಿನ ಕರುಳು ಎಳಸು, ರೋಗಾಣು ಅದರ ಗೋಡೆಯೊಳಗೆ ಸುಲಭವಾಗಿ ನುಗ್ಗುತ್ತದಂತೆ. ಹಾಲು ನಿಲ್ಲಿಸಿದರು. ಹೊಟ್ಟೆಯ ಗಾಳಿ ತೆಗೆಯಲು ನಳಿಗೆ ಹಾಕಿ, ಸಲೈನು, ಔಷಧಿಗಳನ್ನು ರಕ್ತನಾಳಕ್ಕೆ ಕೊಟ್ಟರು. ಕರುಳು ತೂತಾದರೆ ಮಾತ್ರ ಹುಬ್ಬಳ್ಳಿಗೆ ಒಯ್ದು ಕೊಯ್ಯಬೇಕು, ಬದುಕುವ ಭರವಸೆ ಕೊಡಲಾಗದು ಎಂದರು.

ನನ್ನ ಪಂಚೆಯ ಗಂಟಿನಲ್ಲಿ ಒಂದು ಬಂಗಾರದ ಉಂಗುರ, ಮಿಸರೆ ಎಂಬ ಸಣ್ಣ ನೊಣದ ಜೇನುತುಪ್ಪದ ಒಂದು ಪುಟ್ಟ ಸೀಸೆ ಇದ್ದವು. ಹುಟ್ಟಿದ ಮಗುವಿಗೆ ಉಂಗುರದಲ್ಲಿ ಜೇನು ನೆಕ್ಕಿಸುವುದು ನಮ್ಮ ಸಂಸ್ಕಾರ. ಸೀಸೆಗೆ ‘ಪರಿಮಳನ ಮಗುವಿಗೆ’ ಎಂದು ಚೀಟಿ ಅಂಟಿಸಿದವಳು ನನ್ನ ಹೆಂಡತಿ. ಅವಳು ತೀರಿಹೋಗಿ ನಾಲ್ಕು ತಿಂಗಳಾಗಿತ್ತು.

ನರ್ಸು ಗುರುಶಾಂತವ್ವ ಹಾವೇರಿ ಕಡೆಯವಳು. ಅವಳ ಕಣ್ಣು ಸೀದಾ ಗಂಟಿಗೆ ಬಿತ್ತು.

“ಅಜ್ಜಾರ, ಗಂಟಿನ್ಯಾಗ ಏನೈತ್ರಿ?”

“ಪ್ರಸಾದ.”

“ಪ್ರಸಾದ ಬಾಟ್ಲ್ಯಾಗ ಬರ್ತೈತೇನ್ರಿ? ಆ ರಟ್ಟು ಓದ್ರಿ.”

ಪೆಟ್ಟಿಗೆಯ ಮೇಲೆ ‘ಬಾಯಿಗೆ ಏನೂ ಕೊಡಬಾರದು’ ಎಂದು ಬರೆದಿತ್ತು.

“ಕೊಡುದಲ್ಲ ತಂಗಿ, ಬರೀ ನೆಕ್ಕಿಸುದು.”

“ನೆಕ್ಕಿಸಿದ್ದು ಮತ್ತೆಲ್ಲಿಗೆ ಹೊಕ್ಕೈತ್ರಿ, ಕಿವಿಗೇನು? ಜೇನಿನ್ಯಾಗೂ ರೋಗಾಣು ಇರ್ತಾವ. ಕೂಸಿಂದು ಉಪಾಸ ಐತಿ. ನೀವು ಏಕಾದಶಿ ದಿನ ಜೇನು ನೆಕ್ಕತೀರೇನು?”

ನಲವತ್ತು ವರ್ಷ ಏಕಾದಶಿ ಮಾಡಿದವನು ನಾನು, ಗಂಟನ್ನು ಬಿಗಿ ಮಾಡಿಕೊಂಡೆನು. ಮೊಮ್ಮಗನ ಉಪವಾಸ ಮುಗಿಯುವವರೆಗೆ ನನ್ನದೂ ಒಪ್ಪೊತ್ತು ಊಟವೆಂದು ಅಲ್ಲೇ ಸಂಕಲ್ಪ ಮಾಡಿದೆನು.

“ಪಾರಣೆ ಎಂದು?” ಎಂದು ಡಾಕ್ಟರನ್ನು ಕೇಳಿದೆನು. “ಎಕ್ಸ್‌ರೇ ನೋಡಿ ಹೇಳ್ತೇನೆ” ಎಂದರು. ಉಪವಾಸ ಬಿಡುವ ಮುಹೂರ್ತವನ್ನು ಕರಿಯ ಹಾಳೆಯಲ್ಲಿ ನೋಡುವ ಪಂಚಾಂಗ ನನಗೆ ಹೊಸದು.

ಉಪವಾಸದ ಮೂರನೆಯ ದಿನದ ಎಕ್ಸ್‌ರೇಯಲ್ಲಿ ಕರುಳಿನ ಗೋಡೆಯೊಳಗೆ ಗಾಳಿಯ ಗುಳ್ಳೆಗಳು ಕಂಡವು. ಹುಬ್ಬಳ್ಳಿಗೆ ಹೋಗಲು ಗಾಡಿ ಸಿದ್ಧವಿರಲಿ ಎಂದರು. ಪರಿಮಳಾ ನನ್ನ ತೋಳು ಹಿಡಿದಳು.

“ಅಪ್ಪಯ್ಯ, ಆಯಿ ಇಟ್ಟ ಜೇನು ಒಂದೇ ಒಂದು ಹನಿ…”

ಗುರುಶಾಂತವ್ವ ಆಚೆ ಹೋಗಿದ್ದಳು. ನಾನು ಗಂಟು ಬಿಚ್ಚಿದೆನು, ಉಂಗುರವನ್ನೂ ತೆಗೆದೆನು. ಚೀಟಿಯ ಅಕ್ಷರ ಕಂಡಿತು. ಏಕಾದಶಿಯಂದು ಹಸಿವೆಂದು ಅಡುಗೆಮನೆಗೆ ಇಣುಕಿದ ನನ್ನನ್ನು ಸೌಟು ತೋರಿಸಿ ಓಡಿಸುತ್ತಿದ್ದ ಕೈಯ ಅಕ್ಷರ ಅದು. ಸೀಸೆಯ ಮುಚ್ಚಳಕ್ಕೆ ಕೈ ಹಾಕಲಾಗಲಿಲ್ಲ.

“ನಿನ್ನ ಆಯಿ ಏಕಾದಶಿ ದಿನ ಯಂಗೆ ಮಜ್ಜಿಗೆನೂ ಕೊಡ್ತಿತ್ತಿಲ್ಲೆ” ಎಂದೆನು. “ಮೊಮ್ಮಗನ ವ್ರತ ಕೆಡ್ಸು ಹೇಳ್ತಿತ್ತ?”

ಪರಿಮಳಾ ಅಳುತ್ತಲೇ ನಕ್ಕಳು. ಅಷ್ಟರಲ್ಲಿ ಗುರುಶಾಂತವ್ವ ಬಂದು ಅವಳ ಕೈಗೆ ಬಟ್ಟಲು ಕೊಟ್ಟಳು.

“ಅಕ್ಕಾರ, ಬರ್ಲಿ ಬಿಡ್ಲಿ, ಮೂರು ತಾಸಿಗೊಮ್ಮೆ ಹಾಲು ಹಿಂಡ್ರಿ. ಇಂಥಾ ಕರುಳಿಗೆ ತಾಯಿ ಹಾಲೇ ಮೇಲು. ಪಾರಣಿಗೆ ಅದ ಬೇಕು.”

ಕರುಳು ತೂತಾಗಲಿಲ್ಲ, ಗಾಡಿ ಕಾದು ಕಾದು ಹಿಂದಿರುಗಿತು. ಐದನೆಯ ದಿನ ಹೊಟ್ಟೆಯ ಬಿಗಿ ಸಡಿಲಿತು. ಏಳನೆಯ ದಿನದ ಎಕ್ಸ್‌ರೇಯಲ್ಲಿ ಗುಳ್ಳೆಗಳಿರಲಿಲ್ಲ. ಪರಿಮಳಾಳ ಬಟ್ಟಲಿನಿಂದ ಒಂದು ಮಿಲಿ ಹಾಲನ್ನು ಪಿಚಕಾರಿಗೆ ಎಳೆದು ನಳಿಗೆಯಲ್ಲಿ ಬಿಟ್ಟರು. ಊಟಕ್ಕೆ ಮೊದಲು ನಾನು ಕುಡಿಯುವ ಆಪೋಶನದ ನೀರೂ ಅದಕ್ಕಿಂತ ಹೆಚ್ಚು. ವಾಂತಿಯಾಗುತ್ತದೆಯೋ ಎಂದು ನೋಡುತ್ತ ನಿಂತೆವು. ಆಗಲಿಲ್ಲ. ಮಗು ಆಕಳಿಸಿತು.

“ಪಾರಣಿ ಆತ್ರಿ ಅಜ್ಜಾರ. ನೀವೂ ಹೋಗಿ ಉಣ್ರಿ. ಆ ಬಾಟ್ಲಿ ಮಾತ್ರ ವರ್ಷ ತುಂಬೋ ತನಕ ಕಟ್ಟಿಡ್ರಿ.”

ಅವಳ ಪೆನ್ನನ್ನೇ ಇಸಿದುಕೊಂಡು, ಚೀಟಿಯಲ್ಲಿ ನನ್ನವಳ ಅಕ್ಷರದ ಕೆಳಗೆ ‘ವರ್ಷ ತುಂಬಿದ ಮೇಲೆ’ ಎಂದು ಬರೆದೆನು.

ಗುರುಶಾಂತವ್ವ ಬಗ್ಗಿ ಓದಿದಳು. “ಅಲ್ಲೀತನಕ ಅಜ್ಜಗೂ ಇಲ್ಲ ಅಂತ ಬರೀರಿ” ಎಂದಳು.

ಅದನ್ನೂ ಬರೆದೆನು.