ತಪ್ಪಿನ ಪಾಲು ಹಂಚುವ ಬೆಟ್ಟಸ್ವಾಮಿಯವರು

ತಪ್ಪು ಎಂಬುದು ಇಡಿಯಾಗಿ ಒಬ್ಬನ ಹೆಗಲ ಮೇಲೆ ಬೀಳುವುದನ್ನು ವಕೀಲ ಬೆಟ್ಟಸ್ವಾಮಿಯವರು ಒಪ್ಪಿದ್ದನ್ನು ನಾನು ಕಂಡಿಲ್ಲ. ತುಮಕೂರಿನ ಸದಾಶಿವನಗರದ ಅವರ ಮನೆಯಲ್ಲಿ ಒಲೆಯ ಮೇಲಿನ ಹಾಲು ಉಕ್ಕಿದರೂ ಅದಕ್ಕೊಂದು ವಿಚಾರಣೆ ನಡೆದು, ಹೊಣೆಯು ಶೇಕಡಾವಾರು ಹಂಚಿಕೆಯಾಗಬೇಕು. "ಉರಿ ಜೋರಾಗಿಟ್ಟ ನಿನಗೆ ಐವತ್ತು. ಅದೇ ಹೊತ್ತಿಗೆ ಫೋನ್ ಮಾಡಿದ ನಿನ್ನ ತಂಗಿಗೆ ಮೂವತ್ತು. ಇಲ್ಲೇ ಪೇಪರ್ ಓದ್ತಾ ಕೂತಿದ್ದ ನನಗೆ ಇಪ್ಪತ್ತು," ಎಂದು ಅವರು ತೀರ್ಪು ಕೊಟ್ಟರೆ, ಪತ್ನಿ ಸುಬ್ಬಲಕ್ಷ್ಮಮ್ಮನವರು ಬಟ್ಟೆ ಹಿಂಡುತ್ತಾ, "ಒರೆಸೋದು ಮಾತ್ರ ನೂರಕ್ಕೆ ನೂರು ನಂದೇ," ಎನ್ನುತ್ತಾರೆ.

ಇದು ಅವರ ವೃತ್ತಿ ಅವರಿಗೆ ಅಂಟಿಸಿದ ಗುಣ. ಕುಣಿಗಲ್ ಸೀಮೆಯ ಹಳ್ಳಿಯಿಂದ ಬಂದು, ತುಮಕೂರಿನ ನ್ಯಾಯಾಲಯದಲ್ಲಿ ಜೀವಮಾನವೆಲ್ಲ ಅವರು ನಡೆಸಿದ್ದು ರಸ್ತೆ ಅಪಘಾತದ ಪರಿಹಾರದ ದಾವೆಗಳನ್ನು. ಎರಡು ವಾಹನಗಳು ಡಿಕ್ಕಿಯಾದಾಗ ಯಾರ ನಿರ್ಲಕ್ಷ್ಯ ಎಷ್ಟೆಂಬುದನ್ನು ನೂರರ ಲೆಕ್ಕದಲ್ಲಿ ಪಾಲು ಹಾಕುವುದು ಅಲ್ಲಿಯ ಪದ್ಧತಿ. ಸತ್ತವನಿಗೂ ಒಂದು ಪಾಲು ಬೀಳುವುದುಂಟು. ಆ ಪದ್ಧತಿಯೊಳಗೇ ಮುದುಕರಾದ ಬೆಟ್ಟಸ್ವಾಮಿಯವರಿಗೆ ಲೋಕವೆಂಬುದು ಕ್ರಮೇಣ ಒಂದು ದೊಡ್ಡ ಹೆದ್ದಾರಿಯಾಗಿ, ಅದರ ಸಕಲ ವ್ಯವಹಾರಗಳೂ ಬಗೆಬಗೆಯ ಡಿಕ್ಕಿಗಳಾಗಿ ಕಾಣತೊಡಗಿದ್ದವು.

ಅವರ ನಡಿಗೆಯನ್ನು ನೋಡಿದರೇ ಇದು ಗೊತ್ತಾಗುತ್ತಿತ್ತು. ರಸ್ತೆಯ ಬಲ ಅಂಚಿನಲ್ಲಿ, ಎದುರು ಬರುವ ವಾಹನಗಳ ಮುಖ ನೋಡುತ್ತಾ, ತಿರುವು ಬಂದಲ್ಲೆಲ್ಲ ನಿಂತು, ಖಾಲಿ ರಸ್ತೆಗೂ ಕೈ ಚಾಚಿ ಸೂಚನೆ ಕೊಟ್ಟು ದಾಟುವವರು ಅವರು. ಇಷ್ಟೊಂದು ಅಪಘಾತಗಳನ್ನು ಬಲ್ಲವರಾದ್ದರಿಂದ ಸ್ವತಃ ವಾಹನ ಓಡಿಸುವುದನ್ನು ಕಲಿಯಲಿಲ್ಲ. ನನ್ನ ಕಾರಿನಲ್ಲಿ ಪಕ್ಕಕ್ಕೆ ಕೂತರೆ ಮಾತ್ರ ಇಲ್ಲದ ಬ್ರೇಕನ್ನು ದಾರಿಯುದ್ದಕ್ಕೂ ಒತ್ತುತ್ತಿದ್ದರು. ಕರಿಯ ಕೋಟು ಹಳತಾಗಿ ಬಿಸಿಲಿನಲ್ಲಿ ಹಸಿರುಹಸಿರಾಗಿ ಹೊಳೆಯುತ್ತಿತ್ತು. ಅದರ ಎಡ ಜೇಬಿನಲ್ಲಿ ನಶ್ಯದ ಡಬ್ಬಿ, ಬಲ ಜೇಬಿನಲ್ಲಿ ಕನ್ನಡಕದ ಪೆಟ್ಟಿಗೆ, ಎದೆಯ ಮೇಲೆ ನೀಲಿ ಮುಚ್ಚಳದ ಇಂಕ್ ಪೆನ್ನು. ಘಟನೆಯ ನಕ್ಷೆ ಯಾರಿಗಾದರೂ ಅರ್ಥವಾಗಲಿಲ್ಲವೆಂದರೆ ಈ ಮೂರೂ ಮೇಜಿನ ಮೇಲೆ ಇಳಿಯುತ್ತಿದ್ದವು: ಡಬ್ಬಿ ಲಾರಿ, ಪೆಟ್ಟಿಗೆ ಬಸ್ಸು, ಪೆನ್ನಿನ ಮುಚ್ಚಳ ದ್ವಿಚಕ್ರ ವಾಹನ. ಬೆರಳ ತುದಿಯಿಂದ ಅವನ್ನು ಸರಿಸುತ್ತಾ ಅವರು ವಿವರಿಸುತ್ತಿದ್ದರೆ, ನ್ಯಾಯಾಧೀಶರು ಕೂಡ ಕುರ್ಚಿಯಿಂದ ಮುಂದಕ್ಕೆ ಬಾಗುತ್ತಿದ್ದರಂತೆ.

ಭಾನುವಾರ ಬೆಳಿಗ್ಗೆ ಅವರ ಮನೆಯ ಮುಂಗೋಣೆಯಲ್ಲಿ ಸೇರುತ್ತಿದ್ದವರು ನಾವು ಮೂವರು. ಪಕ್ಕದ ಬೀದಿಯಲ್ಲಿರುವ ನಾನು. ಬ್ಯಾಂಕಿನ ಮ್ಯಾನೇಜರಾಗಿ ನಿವೃತ್ತರಾಗಿ, ಯೂಟ್ಯೂಬಿನಲ್ಲಿ ಅಂತಾರಾಷ್ಟ್ರೀಯ ವ್ಯವಹಾರಗಳ ವ್ಯಾಸಂಗ ಮಾಡುತ್ತಿರುವ ಕೃಷ್ಣಕುಮಾರ್. ಮತ್ತು ಗುಬ್ಬಿಯ ಕಡೆಯಿಂದ ಬಸ್ಸಿನಲ್ಲಿ, ಚೀಲದಲ್ಲಿ ಒಂದೆರಡು ತೆಂಗಿನಕಾಯಿ ಹಾಕಿಕೊಂಡು ಬರುತ್ತಿದ್ದ ತೋಟದ ರೈತ ಮೂಡಲಗಿರಿಯಪ್ಪ. ಇವರು ಮೊದಲು ಬಂದದ್ದು ಕಕ್ಷಿದಾರರಾಗಿ. ಅಂತರಸನಹಳ್ಳಿಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಅವರ ಒಬ್ಬನೇ ಮಗ ಅಂಜನ್‌ಕುಮಾರ್ ಪಾಳಿ ಮುಗಿಸಿ ಬೈಕಿನಲ್ಲಿ ಊರಿಗೆ ಮರಳುವಾಗ ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕಿ ತೀರಿಕೊಂಡಿದ್ದ. ಆ ದಾವೆ ಮುಗಿದು ಎಷ್ಟೋ ವರ್ಷಗಳಾದವು. ಭಾನುವಾರದ ಭೇಟಿ ಮಾತ್ರ ನಿಲ್ಲಲಿಲ್ಲ; ಸ್ನೇಹವಾಯಿತು. ಬೆಟ್ಟಸ್ವಾಮಿಯವರು ಹೆಸರು ಹಿಡಿದು, ಏಕವಚನದಲ್ಲಿ ಕರೆಯುತ್ತಿದ್ದ ಸ್ನೇಹಿತ ಅವರೊಬ್ಬರೇ.

ರಷ್ಯಾ ಉಕ್ರೇನಿನೊಳಕ್ಕೆ ನುಗ್ಗಿದ ಮೇಲೆ ಆ ಮುಂಗೋಣೆಗೆ ಬೇರೆ ವಿಷಯವೇ ಉಳಿಯಲಿಲ್ಲ. ಯುದ್ಧ ಬೇಸಿಗೆಯಿಂದ ಬೇಸಿಗೆಗೆ ದಾಟಿತು, ವಾದವೂ ಜೊತೆಗೇ ದಾಟಿತು.

"ನ್ಯಾಟೋದೋರು ಬಾಗಿಲಿಗೇ ಬಂದು ನಿಂತ್ರೆ ರಷ್ಯಾ ಸುಮ್ನೆ ಕೂತ್ಕೋಬೇಕಾ ಸಾರ್? ಎಲ್ಲಾ ಅಮೆರಿಕದ ಕಿತಾಪತಿ," ಎಂದು ಕೃಷ್ಣಕುಮಾರ್ ಶುರುಮಾಡುವರು.

"ಬಾಗಿಲ್ಗೆ ಬಂದೋರ್ನ ಬಯ್ಕಳ್ಳಿ ಕಣಣ್ಣ," ಎಂದು ಮೂಡಲಗಿರಿಯಪ್ಪ ಕಾಫಿಯ ಲೋಟ ಕೆಳಗಿಡುವರು. "ಅದಕ್ಕೆ ಪಕ್ಕದ್ಮನೆಗ್ ಯಾಕ್ ನುಗ್ಬೇಕು? ಕೆಣಕ್ದೋನ್ ಒಬ್ಬ, ಒದೆ ತಿನ್ನೋನ್ ಇನ್ನೊಬ್ಬ. ಯಾವ್ ಸೀಮೆ ನ್ಯಾಯ ಇದು?"

"ನಿಮಗೆ ಜಿಯೋಪಾಲಿಟಿಕ್ಸ್ ಅರ್ಥ ಆಗಲ್ಲ ಬಿಡ್ರೀ."

"ಆಗಲ್ಲ ಬುಡಿ. ನಂಗೆ ಬದು ಅರ್ಥ ಆಯ್ತದೆ. ಬದು ದಾಟಿ ಬಂದೋನ್ದು ತಪ್ಪು."

ಇಬ್ಬರೂ ಆಗ ಬೆಟ್ಟಸ್ವಾಮಿಯವರ ಕಡೆ ತಿರುಗುತ್ತಿದ್ದರು. ಅವರು ವಾರಗಟ್ಟಲೆ ತೀರ್ಪನ್ನು ಕಾದಿರಿಸಿಕೊಂಡಿದ್ದರು. ಪತ್ರಿಕೆಗಳನ್ನು ಓದಿದರು, ನನ್ನಿಂದ ಭೂಪಟ ತರಿಸಿದರು. ಕೊನೆಗೆ ಒಂದು ಭಾನುವಾರ, ಸುಬ್ಬಲಕ್ಷ್ಮಮ್ಮನವರ ಉಪ್ಪಿಟ್ಟಿನ ತಟ್ಟೆಗಳನ್ನು ಪಕ್ಕಕ್ಕೆ ಸರಿಸಿ, ಗೂಟದಲ್ಲಿ ನೇತುಹಾಕಿದ್ದ ಕೋಟಿನ ಜೇಬುಗಳಿಂದ ಮೂರು ಸಾಮಾನನ್ನೂ ತೆಗೆದು ಮೇಜಿನ ಮೇಲಿಟ್ಟರು.

"ಇದು ರಷ್ಯಾ," ಎಂದು ನಶ್ಯದ ಡಬ್ಬಿ ಇಟ್ಟರು. "ಇದು ನ್ಯಾಟೋ," ಎಂದು ಕನ್ನಡಕದ ಪೆಟ್ಟಿಗೆ. ನಡುವೆ ನೀಲಿ ಮುಚ್ಚಳ. "ಇದು ಉಕ್ರೇನು. ಲಾರಿ ಬಂದು ಗುದ್ದಿದೆ, ಅದರಲ್ಲಿ ಸಂಶಯ ಇಲ್ಲ. ಲಾರಿಗೆ ಅರವತ್ತು. ಎದುರಿಗೆ ಬಂದು ಹಾರ್ನ್ ಹೊಡೆದು ಕೆರಳಿಸಿದ ಬಸ್ಸಿಗೆ ಹದಿನೈದು. ಇನ್ನು ಈ ಚಿಕ್ಕ ಗಾಡಿ..." ಮುಚ್ಚಳವನ್ನು ಅವರು ಬೆರಳಿನಿಂದ ಮೆಲ್ಲಗೆ ಮುಂದಕ್ಕೆ ತಳ್ಳಿದರು. "ಅಷ್ಟು ದೊಡ್ಡ ಲಾರಿ ಬರ್ತಿರೋದು ಕಾಣಿಸ್ತಿದೆ. ಆದರೂ ಸರಿಯಾಗಿ ನೋಡದೆ ಮೇನ್ ರೋಡಿಗೆ ಬಂತು. ಇಪ್ಪತ್ತೈದು."

ಕೃಷ್ಣಕುಮಾರ್ ನ್ಯಾಟೋ ಪಾಲು ಸಾಲದೆಂದು ಕೂಗಾಡತೊಡಗಿದರು. ಮುಚ್ಚಳವನ್ನೇ ನೋಡುತ್ತಿದ್ದ ಮೂಡಲಗಿರಿಯಪ್ಪ ಎದ್ದು, ಖಾಲಿ ಚೀಲ ಮಡಿಸಿಕೊಂಡು, "ಬಸ್ಸಿಗೆ ಹೊತ್ತಾಯ್ತು," ಎಂದರು.

"ಗುಬ್ಬಿ ಬಸ್ಸು ಗಳಿಗೆಗೊಂದಿದೆ, ಕೂತ್ಕೊಳ್ರೀ," ಎಂದು ಕೃಷ್ಣಕುಮಾರ್ ಹೇಳುವಷ್ಟರಲ್ಲಿ ಗೇಟಿನ ಸದ್ದಾಗಿತ್ತು. ಕಾಫಿ ಲೋಟದಲ್ಲೇ ಇತ್ತು.

ಮುಂದಿನ ಭಾನುವಾರ ಅವರು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಫೋನ್ ಮಾಡಿದರೆ ಹೆಂಡತಿ ಪುಟ್ಟಗಂಗಮ್ಮ ಎತ್ತಿ, "ತೋಟದಾಗವ್ರೆ," ಎನ್ನುತ್ತಿದ್ದರು. ಯಾವ ಹೊತ್ತಿನಲ್ಲಿ ಮಾಡಿದರೂ ತೋಟದಾಗವ್ರೆ. ಬೆಟ್ಟಸ್ವಾಮಿಯವರು ಕುರ್ಚಿಯನ್ನು ಬಾಗಿಲ ಕಡೆಗೆ ತಿರುಗಿಸಿಕೊಂಡು ಕೂರತೊಡಗಿದರು. ತಮ್ಮ ಪದ್ಧತಿಯಂತೆ ವಿಚಾರಣೆ ನಡೆಸಿ, ಜಗಳಗಂಟ ಕೃಷ್ಣಕುಮಾರ್‌ಗೆ ಎಪ್ಪತ್ತು, ತಾಳ್ಮೆಯಿಲ್ಲದ ಮೂಡಲಗಿರಿಯಪ್ಪನಿಗೆ ಇಪ್ಪತ್ತು, ತಮಗೆ ಹತ್ತು ಎಂದು ಹಂಚಿದರು. ಅಡುಗೆಮನೆಯಿಂದ ಅದನ್ನು ಕೇಳಿಸಿಕೊಂಡ ಸುಬ್ಬಲಕ್ಷ್ಮಮ್ಮನವರು ಕೈಯಲ್ಲಿ ಸೌಟು ಹಿಡಿದೇ ಹೊರಗೆ ಬಂದರು.

"ರೀ, ಆ ಮುಚ್ಚಳ ಅಂಜನ್ ಬೈಕ್ ಅಲ್ವೇನ್ರೀ?"

ಬೆಟ್ಟಸ್ವಾಮಿಯವರಿಗೆ ತಕ್ಷಣ ಅರ್ಥವಾಗಲಿಲ್ಲ.

"ಕೋರ್ಟಿನಲ್ಲಿ ಇದೇ ಡಬ್ಬಿ, ಇದೇ ಮುಚ್ಚಳ ಇಟ್ಟು, ಇದೇ ಇಪ್ಪತ್ತೈದು ಹೇಳಿದ್ರಿ. ಮೂಡಲಗಿರಿಯಪ್ಪನವರು ಹಿಂದಿನ ಬೆಂಚಲ್ಲಿ ಕೂತು ಕೇಳಿದಾರೆ. ಪುಟ್ಟಗಂಗಮ್ಮ ಅವತ್ತೇ ನನ್ನ ಹತ್ರ ಅತ್ತಿದ್ರು. ನೀವು ಗೆದ್ದ ಖುಷೀಲಿದ್ರಿ, ನಾನು ಹೇಳಲಿಲ್ಲ."

ಗೆದ್ದಿದ್ದು ನಿಜವೇ. ಲಾರಿಯ ವಿಮಾ ಕಂಪನಿಯ ವಕೀಲರು, ಅಡ್ಡರಸ್ತೆಯಿಂದ ಬಂದ ಹುಡುಗ ನೋಡದೆ ಹೆದ್ದಾರಿಗೆ ನುಗ್ಗಿದ, ತಪ್ಪಿನ ಅರ್ಧ ಅವನದೇ ಎಂದು ಹಟ ಹಿಡಿದಿದ್ದರು. ಅರ್ಧವನ್ನು ಮುರಿಯಲು ಬೆಟ್ಟಸ್ವಾಮಿಯವರು ಬಲ್ಲ ವಕೀಲರೆಲ್ಲ ಮಾಡುವುದನ್ನೇ ಮಾಡಿದರು. "ಹೆಚ್ಚೆಂದರೆ ಇಪ್ಪತ್ತೈದು, ಅದಕ್ಕಿಂತ ಒಂದು ಕಾಳೂ ಹೆಚ್ಚಲ್ಲ," ಎಂದು ವಾದಿಸಿದರು, ನ್ಯಾಯಾಲಯ ಅದನ್ನೇ ಎತ್ತಿಹಿಡಿಯಿತು. ಹಾಗೆ ಮಗನ ಪಾಲಿನ ತಪ್ಪು ತಂದೆಯ ಕಿವಿಗೆ ಬಿದ್ದದ್ದು ಎದುರಾಳಿಯ ಬಾಯಿಂದಷ್ಟೇ ಅಲ್ಲ, ತಾನೇ ನೇಮಿಸಿಕೊಂಡ ವಕೀಲರ ಬಾಯಿಂದಲೂ. ಅದನ್ನು ಹೊಟ್ಟೆಯೊಳಗಿಟ್ಟುಕೊಂಡೇ ಆ ಮನುಷ್ಯ ಇಷ್ಟು ವರ್ಷ ತೆಂಗಿನಕಾಯಿ ತಂದುಕೊಟ್ಟಿದ್ದರು.

ಅಂದೇ ಮಧ್ಯಾಹ್ನ ನಾನೂ ಬೆಟ್ಟಸ್ವಾಮಿಯವರೂ ನನ್ನ ಕಾರಿನಲ್ಲಿ ಗುಬ್ಬಿಗೆ ಹೊರಟೆವು. ಭಾನುವಾರವಾದರೂ ಅವರು ಕೋಟು ತೊಟ್ಟಿದ್ದರು. ದಾರಿಯುದ್ದಕ್ಕೂ ಒಮ್ಮೆಯೂ ಬ್ರೇಕು ಒತ್ತಲಿಲ್ಲ. ಅದರಿಂದಲೇ ಅವರ ಮನಸ್ಸು ಎಲ್ಲಿತ್ತೆಂದು ತಿಳಿದೆ.

ಮೂಡಲಗಿರಿಯಪ್ಪ ತೋಟದಲ್ಲಿರಲಿಲ್ಲ, ಜಗಲಿಯಲ್ಲಿ ಕೂತು ತೆಂಗಿನ ನಾರು ಹೊಸೆಯುತ್ತಿದ್ದರು. ನಮ್ಮನ್ನು ಕಂಡು ಎದ್ದು ಚಾಪೆ ಹಾಸಿದರು. "ಇದೇನ್ ಲಾಯರ್ರೇ, ಕೋಟ್ ಹಾಕ್ಕಂಡ್ ಬಂದಿದ್ದೀರಿ? ಇವತ್ತು ಕೋರ್ಟ್ ರಜ ಅಲ್ವಾ?"

"ಆ ಮುಚ್ಚಳದ ವಿಷಯ ನನಗೆ ಹೊಳೀಲಿಲ್ಲ ಮೂಡಲಗಿರಿಯಪ್ಪ."

ಮೂಡಲಗಿರಿಯಪ್ಪ ನಾರನ್ನು ಎರಡು ಸಲ ಹೊಸೆದರು. "ಉಕ್ರೇನ್ ಎಲ್ಲೈತೋ ನಂಗ್ ಗೊತ್ತಿಲ್ಲ. ಆದ್ರೆ ನೋಡ್ದೆ ಬಂತು ಅಂದ್ರಲ್ಲ... ನನ್ ಮಗ ನೋಡೇ ದಾಟೋನು ಲಾಯರ್ರೇ. ಚಿಕ್ಕೋನಾಗಿದ್ದಾಗ್ಲಿಂದ. ಎಮ್ಮೆ ಹೊಡ್ಕಂಡ್ ಬಂದ್ರೂ ನಿಂತ್ಕಂಡು, ಎರಡ್ ಕಡೀಕೂ ನೋಡಿ, ಆಮೇಲ್ ಬರೋನು."

"ಹಾಗೆ ಹೇಳದಿದ್ದರೆ ಅರ್ಧ ಹಾಕೋರು."

"ಗೊತ್ತು. ನಿಮ್ಮನ್ನ ಬೈತಿಲ್ಲ ನಾನು. ನೀವ್ ಮಾಡಿದ್ದು ನಮ್ ಒಳ್ಳೇದಕ್ಕೇ." ಅವರು ತಲೆಯೆತ್ತಿದರು. "ಈಗ ಕೋರ್ಟೂ ಇಲ್ಲ, ಕೇಸೂ ಇಲ್ಲ. ಈಗ್ ಹೇಳಿ. ನಿಮ್ ಮನ್ಸಲ್ಲಿ ನನ್ ಮಗಂದು ಎಷ್ಟು?"

ನಾನು ಅಂಗಳದ ಕಡೆ ನೋಡತೊಡಗಿದೆ. ಸುಳ್ಳು ಹೇಳಿ ಸಮಾಧಾನಪಡಿಸುವ ವಿದ್ಯೆ ಬೆಟ್ಟಸ್ವಾಮಿಯವರಿಗೆ ಬರುವುದಿಲ್ಲವೆಂದು ಬಲ್ಲೆ. ಹೆಂಡತಿಗಾಗಿ ಹಾಲಿನ ಲೆಕ್ಕವನ್ನೂ ತಿದ್ದದವರು ಅವರು. ಒಳಗೆ ಪುಟ್ಟಗಂಗಮ್ಮನವರ ಪಾತ್ರೆಯ ಸದ್ದು ನಿಂತಿತು. ಆಗ ಬೆಟ್ಟಸ್ವಾಮಿಯವರು, ನಾನು ಎಂದೂ ಕಾಣದಂತೆ, ಬೇರೊಬ್ಬರ ಮನೆಯ ಜಗಲಿಯಲ್ಲಿ ಕೂತು ಕೋಟನ್ನು ಬಿಚ್ಚಿದರು. ನಿಧಾನವಾಗಿ ಮಡಿಸಿ ಪಕ್ಕಕ್ಕಿಟ್ಟರು. ಒಳಗಿನ ಅಂಗಿಯ ಕತ್ತುಪಟ್ಟಿ ಹರಿದಿತ್ತು.

"ನಾನು ಅಲ್ಲಿ ಇರಲಿಲ್ಲ," ಎಂದರು. "ಕಂಪನಿ ವಕೀಲರು ಇರಲಿಲ್ಲ, ಜಡ್ಜೂ ಇರಲಿಲ್ಲ. ಇರದೇ ಇದ್ದ ನಾವೆಲ್ಲ ಸೇರಿ ಹಂಚಿದ್ವಿ. ಅವನು ನೋಡಿದ್ನೋ ಇಲ್ವೋ ಹೇಳೋದಕ್ಕೆ ನನಗೆ ಬರಲ್ಲ. ಆದರೆ ಆ ಇಪ್ಪತ್ತೈದು ಬಂದಿದ್ದು ನನ್ನ ಬಾಯಿಂದ. ಅದು ಅವನ ಹೆಸರಲ್ಲಿರೋದು ಬೇಡ. ನನ್ನ ಹೆಸರಿಗೆ ಇರಲಿ."

ಮೂಡಲಗಿರಿಯಪ್ಪ ಕೈಯಲ್ಲಿದ್ದ ನಾರನ್ನು ಕೆಳಗಿಟ್ಟರು. ಬಳಿಕ ಒಳಗೆ ತಿರುಗಿ, "ಕೇಳುಸ್ತೇನೇ?" ಎಂದು ಕೂಗಿದರು.

"ಕೇಳುಸ್ತು," ಎಂದು ಪುಟ್ಟಗಂಗಮ್ಮನವರ ಧ್ವನಿ ಬಂತು. ಸ್ವಲ್ಪ ಹೊತ್ತಿಗೆ ಅವರು ಮಜ್ಜಿಗೆಯ ಚೊಂಬಿನೊಡನೆ ಬಂದು, ಚಾಪೆಯ ಮೇಲಿದ್ದ ಕೋಟನ್ನು ಎತ್ತಿ, ಧೂಳು ಕೊಡವಿ ಒಳಗೆ ತೆಗೆದುಕೊಂಡು ಹೋದರು. ನಾವು ಹೊರಡುವಾಗ ಅದರ ಕಿತ್ತುಹೋಗಿದ್ದ ಗುಂಡಿಯೊಂದು ಹೊಲಿಗೆಯಾಗಿತ್ತು.

ಮುಂದಿನ ಭಾನುವಾರ ತೆಂಗಿನಕಾಯಿಯ ಚೀಲ ಬಾಗಿಲಲ್ಲಿ ಕಾಣಿಸಿತು. ಕೃಷ್ಣಕುಮಾರ್ ಬಿಡುವ ಪೈಕಿಯೇ? "ಏನ್ ಸಾರ್, ಉಕ್ರೇನ್ ಪಾಲು ಎಷ್ಟಕ್ಕೆ ಬಂತು?" ಎಂದು ಕೆದಕಿದರು. ಬೆಟ್ಟಸ್ವಾಮಿಯವರು ನಶ್ಯದ ಡಬ್ಬಿಯನ್ನು ಮೇಜಿನ ಮೇಲಿಟ್ಟರು, ಕನ್ನಡಕದ ಪೆಟ್ಟಿಗೆಯನ್ನೂ ಇಟ್ಟರು. ಮುಚ್ಚಳ ಪೆನ್ನಿನ ಮೇಲೆಯೇ ಇತ್ತು.

"ನುಗ್ಗಿದವನ ಪಾಲು ಹೇಳ್ತೀನಿ, ಕೆರಳಿಸಿದವರ ಪಾಲು ಹೇಳ್ತೀನಿ. ಪೆಟ್ಟು ತಿಂದವರದ್ದು ಇಲ್ಲಿ ಕೂತು ಹೇಳೋಕೆ ನನಗೆ ಅಧಿಕಾರ ಇಲ್ಲ."

"ಹಂಗಾದ್ರೆ ಲೆಕ್ಕ ನೂರಕ್ಕೆ ಬರಲ್ವಲ್ಲ ಸಾರ್!"

"ಬರದಿದ್ರೆ ಬ್ಯಾಡ ಬುಡಿ," ಎಂದರು ಮೂಡಲಗಿರಿಯಪ್ಪ. "ನಿಮ್ದೇನ್ ಬ್ಯಾಂಕಾ ಇದು, ಸಂಜೆ ಒಳಗೆ ಟ್ಯಾಲಿ ಆಗ್ಬೇಕು ಅನ್ನೋಕೆ?" ಬೆಟ್ಟಸ್ವಾಮಿಯವರು ನಶ್ಯ ಏರಿಸಿ ಸೀನಿದರು; ವಾದ ಮುಂದುವರಿಯಿತು.

ತಪ್ಪನ್ನು ತೂಗಿ ಹಂಚುವ ಇಂಥವರನ್ನು ಕಂಡರೆ ನಮಗೆ ನಗು ಬರುತ್ತದೆ, ಕೆಲವೊಮ್ಮೆ ಸಿಟ್ಟೂ ಬರುತ್ತದೆ. ದೂರದ ರಣರಂಗದ ಹೊಣೆಯನ್ನು ಉಪ್ಪಿಟ್ಟಿನ ತಟ್ಟೆಗಳ ನಡುವೆ ಅಳೆಯಹೊರಡುವುದು ಉದ್ಧಟತನವೆಂದೇ ತೋರುತ್ತದೆ. ಆದರೆ ಒಡೆದುಹೋದುದರ ಮುಂದೆ ನಿಂತು, ಇದು ಯಾರದೂ ಅಲ್ಲ ಎಂದು ಕೈಕೊಡವಿಕೊಂಡು ಹೋಗಲಾರದವರು ಇಂಥವರೇ. ಪಾಲು ಹಾಕುವಾಗ ಅವರ ಕೈ ತಪ್ಪುವುದುಂಟು, ಆ ಪಾಲು ಆಪ್ತರ ಎದೆಗೇ ನಾಟುವುದುಂಟು. ಆದರೂ ಎಲ್ಲರಿಗೂ ಬಡಿಸಿಯಾದ ಮೇಲೆ ತಮ್ಮ ಎಲೆಯನ್ನು ಹಾಸಿಕೊಳ್ಳಲು ಮರೆಯದವರು ಅವರು. ಯಾರೂ ಮುಟ್ಟಲೊಲ್ಲದೆ ಉಳಿದುದನ್ನು ಅದಕ್ಕೆ ಬಡಿಸಿಕೊಂಡು, ಸದ್ದಿಲ್ಲದೆ ಉಂಡು ಏಳುತ್ತಾರೆ.